ಎಂಜಿನ್ ಕೋಣೆಯ ಗೋಡೆ

ಕೊಪ್ಪಳದ ಹಳೆಯ ಕರೆಂಟ್ ಆಫೀಸಿನ ಒಳಗೆ ನಾನು ಮೊದಲ ಸಲ ಕಾಲಿಟ್ಟದ್ದು ನನ್ನ ಗಂಡ ತೀರಿಕೊಂಡ ಮೇಲೆ. ಅವರು ಯಲಬುರ್ಗಾ ಕಡೆ ಲೈನ್‌ಮನ್ ಆಗಿದ್ದರು. ಬಿರುಗಾಳಿಗೆ ಹರಿದ ತಂತಿ ಜೋಡಿಸಲು ಕಂಬ ಹತ್ತಿದವರು ಕಾಲು ಜಾರಿ ಬಿದ್ದರು. ಅನುಕಂಪದ ಆಧಾರದ ಮೇಲೆ ನನಗೆ ಅಲ್ಲಿ ಅಟೆಂಡರ್ ಕೆಲಸ ಸಿಕ್ಕಿತು.

ಅದು ಕಲ್ಲಿನ ಕಟ್ಟಡ. ಹಿಂಭಾಗದ ದೊಡ್ಡ ಕೋಣೆಯಲ್ಲಿ ಒಂದು ಕಾಲಕ್ಕೆ ಎಣ್ಣೆ ಎಂಜಿನ್ ಓಡುತ್ತಿತ್ತಂತೆ, ಊರಿನ ಕೆಲವೇ ಬೀದಿಗಳಿಗೆ ಅದರಿಂದ ದೀಪ. ದೂರದಿಂದ ದೊಡ್ಡ ಲೈನ್ ಬಂದಮೇಲೆ ಎಂಜಿನ್ ಹೋಯಿತು, ಕೋಣೆ ಉಳಿಯಿತು. ಕೆಟ್ಟ ಮೀಟರುಗಳನ್ನು ಅಲ್ಲಿ ರಾಶಿ ಹಾಕಿದ್ದರು. ಕೆಲಸದ ಮೇಲೆ ಸತ್ತವರ ಹೆಸರುಗಳನ್ನು ಅದರ ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆದಿದ್ದರು. ಕೊನೆಯದು ನನ್ನ ಗಂಡನ ಹೆಸರು. ಮೊದಲ ದಿನ ಕಸ ಗುಡಿಸಲು ಹೋದವಳು ಅದನ್ನು ನೋಡಿ ಅಲ್ಲೇ ಕುಳಿತುಬಿಟ್ಟೆ. ಯಾರೂ ಏಳು ಎನ್ನಲಿಲ್ಲ.

ಹೋದ ವರ್ಷ ಕಟ್ಟಡ ಕೆಡವುವುದೆಂದು ತೀರ್ಮಾನವಾಯಿತು. ಎಂಜಿನಿಯರ್ ಸಾಹೇಬರು ನನ್ನನ್ನು ಕರೆದರು.

"ಅಕ್ಕಾರ, ಗೋಡಿ ಮ್ಯಾಲಿನ ಹೆಸರು ಎಲ್ಲಾ ಬರ್ಕೊಂಡು ಬರ್ರಿ. ಹೊಸಾ ಆಫೀಸಿನ್ಯಾಗ ಗ್ರಾನೈಟ್ ಕಲ್ಲಿಗೆ ಕೆತ್ತಸೋಣು."

ಎಲ್ಲ ಬರೆದುಕೊಂಡೆ. ಮೊದಲ ಸಾಲು ಮಾತ್ರ ನೀರು ಇಳಿದು ಅಳಿಸಿಹೋಗಿತ್ತು. ಹಳೆಯ ರಿಜಿಸ್ಟರುಗಳಲ್ಲೂ ಸುಳಿವು ಸಿಗಲಿಲ್ಲ. ಆ ಹೆಸರುಗಳನ್ನು ಬರೆಯಲು ಶುರು ಮಾಡಿದವರು ಎಂಜಿನ್ ನಡೆಸುತ್ತಿದ್ದ ಅಜ್ಜ, ಈಗ ಗಂಗಾವತಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಯಾರೋ ಹೇಳಿದರು. ಭಾನುವಾರ ಬಸ್ ಹತ್ತಿ ಹೋದೆ.

ಅಜ್ಜನ ಕಣ್ಣುಗಳು ಮಂಜಾಗಿದ್ದವು. ಮೊದಲ ಸಾಲಿನಲ್ಲಿ ಯಾರ ಹೆಸರಿತ್ತು ಎಂದು ಕೇಳಿದೆ.

"ಅದು ಹೆಸರಲ್ಲವ್ವಾ. 'ಬೇವೂರಿನ ಗೌಂಡಿ' ಅಂತ ಬರ್ದಿದ್ದೆ."

"ನಮ್ಮ ಆಫೀಸಿನವರೇನ್ರಿ?"

"ಅಲ್ಲ. ಆ ಕೋಣಿ ಕಟ್ಟಿದಾಂವ. ನಾ ಆಗಷ್ಟ ನೌಕರಿಗೆ ಬಂದಿದ್ದೆ. ಮ್ಯಾಲೆ ಚಪ್ಪಡಿ ಏರಸಾಕ ಹತ್ತಿದ್ರು, ಹಗ್ಗ ಹರೀತು. ನಾ ಕೆಳಗ ನಿಂತಿದ್ದೆ. ಅಂವಾ ಓಡಿ ಬಂದು ನನ್ನ ದಬ್ಬಿದ. ತಾನು ಸಿಕ್ಕೊಂಡ."

"ಹೆಸರು ಕೇಳಿರ್ಲಿಲ್ಲೇನ್ರಿ ಅಜ್ಜಾರ?"

"ಎಲ್ಲಾರೂ ಗೌಂಡಿ ಅಂತಿದ್ವಿ. ಕೇಳ್ಬೇಕು ಅಂತ ಅನಿಸಿದಾಗ ಅಂವಾ ಇರ್ಲಿಲ್ಲ. ಹೆಣದ ಜೋಡಿ ಹೋದ ಕೂಲಿಯವರೂ ತಿರುಗಿ ಬರ್ಲಿಲ್ಲ. ದಿನಾ ಎಂಜಿನ್ ಚಾಲೂ ಮಾಡೂ ಮುಂದ ಜೀವಕ್ಕ ಭಾಳ ಕಸಿವಿಸಿ ಆಗ್ತಿತ್ತು. ಅದಕ್ಕ ಬರ್ದೆ."

ಮರುದಿನ ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. ಅವರು ಪಟ್ಟಿಯನ್ನು ಮೇಜಿನ ಮೇಲಿಟ್ಟರು.

"ಅಂವಾ ನಮ್ಮ ಸಿಬ್ಬಂದಿ ಅಲ್ಲಲ್ರಿ ಅಕ್ಕಾರ. ದಾಖಲೆ ಬೇಕಲ್ರಿ?"

ಅಷ್ಟು ವರ್ಷಗಳಲ್ಲಿ ನಾನು ಯಾವ ಸಾಹೇಬರಿಗೂ ಎದುರು ಮಾತಾಡಿದವಳಲ್ಲ.

"ಅಂವಾ ಕಟ್ಟಿದ ಗೋಡಿ ಇನ್ನೂ ನಿಂತೈತ್ರಿ ಸಾಹೇಬ್ರ. ಮುಂದಿನ ವಾರ ಅದೂ ಇರಂಗಿಲ್ಲ."

ಅವರು ಎದ್ದು ಎಂಜಿನ್ ಕೋಣೆಗೆ ನಡೆದರು. ಅಳಿಸಿದ ಸಾಲಿನ ಮೇಲೆ ಬೆರಳಾಡಿಸಿ ನೋಡಿದರು. ಸಂಜೆ ಪಟ್ಟಿ ನನ್ನ ಕೈಗೆ ಬಂದಾಗ, ಎಲ್ಲಕ್ಕಿಂತ ಮೇಲೆ ಅವರದೇ ಅಕ್ಷರದಲ್ಲಿ 'ಬೇವೂರಿನ ಗೌಂಡಿ' ಎಂದಿತ್ತು.

ಕಟ್ಟಡ ಕೆಡವಿದ ದಿನ ನಾವೆಲ್ಲ ಹೊರಗೆ ನಿಂತಿದ್ದೆವು. ಜೆಸಿಬಿ ಮುಂಭಾಗವನ್ನು ಬೇಗನೆ ಉರುಳಿಸಿತು. ಎಂಜಿನ್ ಕೋಣೆಗೆ ಮಾತ್ರ ಮಧ್ಯಾಹ್ನದವರೆಗೂ ಹೆಣಗಬೇಕಾಯಿತು.

ಹೊಸ ಆಫೀಸಿನಲ್ಲಿ ಕಲ್ಲು ಕೂರಿಸಿದ ಮೇಲೆ ಅಜ್ಜನನ್ನು ಮಗಳು ಕರೆತಂದಳು. ಓದಲು ಕಣ್ಣು ಸಾಲದು. ನಾನು ಅವರ ಕೈ ಹಿಡಿದು ಮೊದಲ ಸಾಲಿನ ಮೇಲಿಟ್ಟೆ. ಒಂದೊಂದೇ ಅಕ್ಷರ ತಡವಿದರು.

"ಆಳ ಕೆತ್ಯಾರ," ಎಂದರು. "ಛಲೋ ಆತು."

ಆಮೇಲೆ ಚಪ್ಪಲಿ ಬಿಟ್ಟು, ಕೈಮುಗಿದು, ಬಹಳ ಹೊತ್ತು ನಿಂತರು. ಸಾಹೇಬರು ಕುರ್ಚಿ ತರಿಸಿದರೂ ಕೂರಲಿಲ್ಲ.