ಹಳೆಯ ಡಿಸ್ಕಿನಲ್ಲಿದ್ದ ತಿಥಿ ಕಾರ್ಡು

ತಿಥಿ ಕಾರ್ಡನ್ನು ನಮ್ಮ ಕಡೆ ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಓದಿ, ಹರಿದು, ಹೊರಗೆ ಎಸೆಯುತ್ತಾರೆ. ಹಾಗಾಗಿ ಅಪ್ಪನ ತಿಥಿಯ ಕಾರ್ಡು ಈಗ ಯಾರ ಬಳಿಯೂ ಇಲ್ಲ.

ಅದರಲ್ಲಿ ತಂಗಿಯ ಹೆಸರಿರಲಿಲ್ಲ. ಬೇರೆ ಜಾತಿಯವನನ್ನು ಮದುವೆಯಾಗಿ ಅವಳು ಚನ್ನರಾಯಪಟ್ಟಣದಲ್ಲಿದ್ದಳು. ಹೊಳೆನರಸೀಪುರದ ಮನೆಯಲ್ಲಿ ಅಣ್ಣ ಪಕ್ಕದಲ್ಲಿ ನಿಂತು ಒಂದೊಂದೇ ಹೆಸರು ಹೇಳಿದ, ನಾನು ಕಂಪ್ಯೂಟರಿನಲ್ಲಿ ಟೈಪು ಮಾಡಿದೆ. ಮಾರನೆಯ ದಿನ ಪ್ರೆಸ್ಸಿಗೆ ಕೊಟ್ಟವನು ಅಣ್ಣ. ‘ನಾನು ಹಾಕಿದ್ದೆ, ಅವನೇ ಪ್ರೆಸ್ಸಿನಲ್ಲಿ ತೆಗೆಸಿರಬೇಕು’ ಎಂದು ತಂಗಿಗೆ ಹೇಳಿದವನು ನಾನು. ಅವಳು ಅಣ್ಣನ ಜೊತೆ ಮಾತು ಬಿಟ್ಟಳು. ಹೋದ ವರ್ಷ ಅವನು ಸತ್ತಾಗ ಮುಖ ನೋಡಲೂ ಬರಲಿಲ್ಲ.

ಅಣ್ಣನ ವರ್ಷದ ತಿಥಿಯ ದಿನ, ಊಟದೆಲೆ ತೆಗೆದಾದ ಮೇಲೆ ಅತ್ತಿಗೆ ಹೇಳಿದರು: “ಸಾಯೋಗಂಟ ನಾನ್ ತೆಗ್ಸಿಲ್ಲ ಅಂತ್ಲೇ ಇದ್ರು ಕಣಪ್ಪ.”

ಸಾಕ್ಷಿ ಇಲ್ಲದೆ ಏನನ್ನೂ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ನನ್ನ ನೆನಪಿಗೆ ಮಾತ್ರ ಯಾವತ್ತೂ ಸಾಕ್ಷಿ ಕೇಳಿರಲಿಲ್ಲ. ಅಟ್ಟದಿಂದ ಹಳೆಯ ಕಂಪ್ಯೂಟರ್ ಇಳಿಸಿ, ಹಾರ್ಡ್ ಡಿಸ್ಕ್ ಬಿಚ್ಚಿ, ಹಾಸನದ ರಿಪೇರಿ ಅಂಗಡಿಗೆ ಒಯ್ದೆ. ಹೋಗುವ ಮೊದಲು ತಂಗಿಗೆ ಫೋನ್ ಮಾಡಿ ಹೇಳಿದೆ.

“ಇದ್ಯಾವ ಕಾಲದ್ದು ಸಾ? ನಲವತ್ತು ಪಿನ್ನಿಂದು. ಈಗಿನ್ ಬೋರ್ಡಲ್ಲಿ ಇದ್ಕೆ ಕೂರಾಕೆ ಜಾಗಾನೇ ಇಲ್ಲ” ಅಂದ ಅಂಗಡಿಯವನು. ಡ್ರಾಯರ್ ತಡಕಿ ಅಂಗೈಯಗಲದ ಅಡಾಪ್ಟರ್ ಕಾರ್ಡ್ ಒಂದನ್ನು ತೆಗೆದು, ತನ್ನ ಕಂಪ್ಯೂಟರಿನ ಸ್ಲಾಟಿಗೆ ಒತ್ತಿ, ಅಗಲ ಪಟ್ಟಿಯ ಕೇಬಲ್ಲಿನಿಂದ ಡಿಸ್ಕನ್ನು ಅದಕ್ಕೆ ಸೇರಿಸಿದ. ಡಿಸ್ಕು ಗೊರಗುಟ್ಟುತ್ತ ತಿರುಗಿತು. ಪರದೆಯ ಮೇಲೆ ಏನೂ ಬರಲಿಲ್ಲ. ಕಂಪ್ಯೂಟರ್ ಆರಿಸಿ, ಡಿಸ್ಕಿನ ಹಿಂಬದಿಯ ಪಿನ್ನುಗಳ ಮೇಲಿದ್ದ ಜಂಪರ್ ಎಂಬ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಟೋಪಿಯನ್ನು ಚಿಮಟದಲ್ಲಿ ಕಿತ್ತು ಪಕ್ಕದ ಪಿನ್ನಿಗೆ ಹಾಕಿದ.

“ಇನ್ನೊಂದ್ ಡಿಸ್ಕಿನ ಕೈಕೆಳಗೆ ಇದ್ದಿದ್ದು ಸಾ ಇದು. ಯಜಮಾನನ್ ಮಾಡಿವ್ನಿ. ಈಗ ಬಾಯ್ಬಿಡ್ತದೆ ನೋಡಿ.”

ಬಾಯಿ ಬಿಟ್ಟಿತು. ಅಪ್ಪನ ತಿಥಿಯ ಫೋಲ್ಡರಿನಲ್ಲಿ ಎರಡು ಫೈಲುಗಳಿದ್ದವು. ಮೊದಲನೆಯದರಲ್ಲಿ ತಂಗಿಯ ಹೆಸರಿತ್ತು, ಅವಳ ಗಂಡನದೂ ಇತ್ತು. ಎರಡನೆಯದು ಅದೇ ಸಂಜೆ ಒಂದೂವರೆ ಗಂಟೆಯ ನಂತರ ಉಳಿಸಿದ್ದು. ‘ಪ್ರೆಸ್ಸಿಗೆ’ ಎಂದು ಹೆಸರು. ಅದರಲ್ಲಿ ಅವರಿಬ್ಬರೂ ಇರಲಿಲ್ಲ. ಖಾಲಿ ಜಾಗ ಕಾಣದಂತೆ ಕೆಳಗಿನ ಹೆಸರುಗಳನ್ನು ಮೇಲಕ್ಕೆ ಸರಿಸಲಾಗಿತ್ತು. ಅಣ್ಣನಿಗೆ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ.

ಯಾಕೆ ತೆಗೆದೆ? ನೆಂಟರ ಬಾಯಿಗೆ ಹೆದರಿರಬೇಕು. ಆದರೆ ಇದು ನೆನಪಲ್ಲ, ಊಹೆ. ನೆನಪಿನಲ್ಲಿ ಈಗಲೂ ನಾನು ಅವಳ ಹೆಸರನ್ನು ಟೈಪು ಮಾಡುತ್ತಲೇ ಇದ್ದೇನೆ.

“ಕಾಪಿ ಮಾಡ್ಕೊಡ್ಲಾ ಸಾ?” ಎಂದು ಅಂಗಡಿಯವನು ಕೇಳುತ್ತಿದ್ದಾಗ ತಂಗಿಯ ಫೋನ್ ಬಂತು.

“ಸಿಕ್ತಾ ಅಣ್ಣ?”

“ಸಿಕ್ತು.”

“ಅವ್ನೇ ತಾನೆ ತೆಗ್ಸಿದ್ದು?”

“ಅಲ್ಲ ಕಣವ್ವ. ನಾನು.”

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು, ಇನ್ನೊಂದು ಸಲ ಕೂಗಿತು.

“ಅಂಗಾರೆ ನಾನು ದೊಡ್ಡಣ್ಣನ ಮಣ್ಣಿಗೆ ಯಾಕ್ ಬರ್ಲಿಲ್ಲ?” ಅಂದಳು.