ಎಣ್ಣೆ ಬಾವಿಯ ಪದಗಳು, ನಾನು ಬರೆಯದ ಒಂದು ಸಾಲು

ಹೋದ ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ, ಮಸ್ಕಿಯಿಂದ ಬಂದ ನನ್ನ ಚಿಕ್ಕಪ್ಪನ ಮಗ ವೀರೇಶ ಸಿಂಧನೂರಿನ ನಮ್ಮ ಮನೆಯ ಮೇಜಿನ ಮೇಲೆ ಹನ್ನೆರಡು ಪುಟದ ಇಂಗ್ಲಿಷ್ ಕಾಗದ ಇಟ್ಟ. ಎಣ್ಣೆ ಬಾವಿಗೆ ಕೆಲಸಗಾರರನ್ನು ಕಳಿಸುವ ಸಬ್‌ಕಾಂಟ್ರಾಕ್ಟರ್ ಒಬ್ಬರು ಕೊಟ್ಟ ಪದಗಳ ಪಟ್ಟಿ ಅದು. ಶನಿವಾರ ಫೋನಿನಲ್ಲಿ ಪರೀಕ್ಷೆ. ಪಾಸಾದರೆ ಆಂಧ್ರದ ಕರಾವಳಿಯಲ್ಲಿ ಇಪ್ಪತ್ತೆಂಟು ದಿನ ಕೆಲಸ, ಆಮೇಲೆ ಇಪ್ಪತ್ತೆಂಟು ದಿನ ಮನೆ. ಹದಿನೈದು ವರ್ಷ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗಿದವನಿಗೆ ಆ ಎರಡನೆಯ ಇಪ್ಪತ್ತೆಂಟೇ ಮುಖ್ಯ. ಅಪರೂಪಕ್ಕೆ ಮನೆಗೆ ಹೋದರೆ ಮಗಳು ಕುರ್ಚಿ ಹಾಕಿ ನೀರು ಕೊಡುತ್ತಾಳಂತೆ, ಬಂದ ನೆಂಟರಿಗೆ ಕೊಟ್ಟ ಹಾಗೆ.

"ಕನ್ನಡದಾಗ ಬರ್ದು ಕೊಡು ಅಣ್ಣ. ಪೇಪರ್‌ನಾಂವ ಅದಿ, ನಿನಗೇನು ದೊಡ್ಡ ಮಾತು" ಅಂದ.

ಪೇಪರಿನವರ ಇಂಗ್ಲಿಷ್ ಎಷ್ಟೆಂದು ಪೇಪರಿನವರಿಗೇ ಗೊತ್ತು. ಪತ್ರಿಕಾ ಪ್ರಕಟಣೆ ದಾಟಿದರೆ ನನಗೂ ಡಿಕ್ಷನರಿ ಬೇಕು. ಆದರೂ ಕೂತೆ. ಬಾವಿಯ ಬಾಯಿಗೆ ಜೋಡಿಸುವ ವಾಲ್ವುಗಳ ಗೊಂಚಲಿಗೆ ಅವರು ಕ್ರಿಸ್‌ಮಸ್ ಟ್ರೀ ಅನ್ನುತ್ತಾರೆ. ಬಾವಿ ಕೊರೆಯುವವನ ಕೋಣೆ ಡಾಗ್‌ಹೌಸ್. ಒಳಗೆ ಮುರಿದು ಬಿದ್ದ ಪೈಪು ಎತ್ತುವುದು ಫಿಶಿಂಗ್. ಕಷ್ಟದ ಕೆಲಸದವರು ಎಲ್ಲೇ ಇರಲಿ, ಕಬ್ಬಿಣಕ್ಕೂ ಗಿಡದ, ನಾಯಿಯ, ಮೀನಿನ ಹೆಸರಿಟ್ಟು ಸಲುಗೆಯಿಂದ ಕರೆಯುತ್ತಾರೆ. ಫಿಶಿಂಗನ್ನು ವೀರೇಶನಿಗೆ ವಿವರಿಸಬೇಕಾಗಲಿಲ್ಲ. ಲಿಂಗಸೂಗೂರಿನ ಹತ್ತಿರ ಒಂದು ಹೊಲದಲ್ಲಿ ಸಿಕ್ಕಿಬಿದ್ದ ರಾಡಿಗಾಗಿ ಮೂರು ದಿನ ಕೂತವನು ಅವನು. ಮಡ್ ಎಂಬಲ್ಲಿ ಮಾತ್ರ ನಕ್ಕ. ಕೆಸರು ಕಲಸಿ ಬಾವಿಯೊಳಕ್ಕೆ ಬಿಡುತ್ತಾರೆ, ಅದರ ಭಾರಕ್ಕೆ ಕೆಳಗಿನ ಎಣ್ಣೆ, ಗ್ಯಾಸು ಮೇಲೇಳುವುದಿಲ್ಲ ಎಂದೆ.

"ನಾವು ದಿನಾ ತಗೀತೀವಿ, ಅವರು ತುಂಬ್ತಾರ. ಶಾಣ್ಯಾರ ಬಿಡು."

ಕಿಕ್ ಎಂಬ ಪದದ ಮುಂದೆ ಹೀಗೆ ಬರೆದೆ: ಕೆಳಗಿನ ಎಣ್ಣೆಯೋ ಗ್ಯಾಸೋ ತಾನಾಗಿ ಬಾವಿಗೆ ನುಗ್ಗಿ ಮೇಲೆ ಬರುವುದು. ಏನು, ಎಲ್ಲಿ, ಹೇಗೆ, ಎಲ್ಲ ಬಂತು. ಅದಕ್ಕಿಂತ ಹೆಚ್ಚು ಬರೆಯುವುದು ನಮ್ಮ ಕಸುಬಿನಲ್ಲಿ ತಪ್ಪು.

ಶನಿವಾರ ಆ ಕಡೆಯವರು ಹಿಂದಿಯಲ್ಲಿ ಕೇಳುತ್ತ ಹೋದರು, ವೀರೇಶ ನಮ್ಮ ಕಡೆಯ ಉರ್ದುವಿನಲ್ಲಿ ಹೇಳುತ್ತ ಹೋದ. ಎಲ್ಲ ಸರಿಯಿತ್ತು. ಕೊನೆಗೆ, ಕಿಕ್ ಬಂದರೆ ಮೊದಲು ಏನು ಮಾಡುತ್ತೀರಿ ಎಂದರು. ವೀರೇಶ ತಡಮಾಡಲಿಲ್ಲ. ತೆಂಗಿನಕಾಯಿ ಒಡೆಯುತ್ತೇವೆ ಅಂದ.

ನಮ್ಮಲ್ಲಿ ಹಾಗೇ. ಬೋರಿನಿಂದ ನೀರು ಚಿಮ್ಮಿತೆಂದರೆ ಹೊಲದವರು ಕಾಯಿ ಒಡೆದು, ಕುಂಕುಮ ಹಚ್ಚಿ, ಲಾರಿಯವರ ಬಾಯಿಗೆ ಸಕ್ಕರೆ ಹಾಕುತ್ತಾರೆ. ಚಿಮ್ಮುವುದಕ್ಕೆ ಹೆದರಬೇಕೆಂದು ಹದಿನೈದು ವರ್ಷದಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ಎರಡು ದಿನದಲ್ಲಿ ನಾನೂ ಹೇಳಲಿಲ್ಲ. ಎಣ್ಣೆ ಬಾವಿಯಲ್ಲಿ ಅದು ಅಪಾಯದ ಮೊದಲ ಸುಳಿವು. ಕೂಡಲೇ ಬಾವಿಯ ಬಾಯಿ ಮುಚ್ಚದಿದ್ದರೆ ಕೊರೆಯುವ ರಿಗ್ಗೇ ಹೊತ್ತಿ ಉರಿಯಬಹುದು. ಆಯ್ಕೆಯಾಗಿಲ್ಲ ಎಂದು ಅವರು ಫೋನಿಟ್ಟ ಮೇಲೆ ನಾನು ಇದನ್ನು ಹೇಳಿದೆ.

ಅವನು ಸಿಟ್ಟಾಗಲಿಲ್ಲ. "ಅರ್ಥ ಬರ್ದೀ ಅಣ್ಣ. ಅಂಜಬೇಕು ಅಂತ ಬರೀಲಿಲ್ಲ ನೋಡು" ಅಂದ.

ಮೂವತ್ತು ವರ್ಷದಲ್ಲಿ ನನ್ನ ಬರವಣಿಗೆಯ ಬಗ್ಗೆ ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಸಬ್‌ಕಾಂಟ್ರಾಕ್ಟರಿಗೆ ಫೋನು ಮಾಡಿ, ತಪ್ಪು ನನ್ನದು, ಇನ್ನೊಮ್ಮೆ ಕೇಳಿ ಎಂದೆ. ಸೋಮವಾರ ಅದೇ ಪ್ರಶ್ನೆ ಕೇಳಿದರು. ಡ್ರಿಲ್ಲರಿಗೆ ಕೂಗಿ ಹೇಳಿ ಬಾವಿ ಮುಚ್ಚಿಸುತ್ತೇನೆ ಎಂದ ವೀರೇಶ.

ಬುಧವಾರ ಬಸ್ಸು ಹತ್ತಿದ. ನಿನ್ನೆ ಮಧ್ಯಾಹ್ನ ಫೋನು ಮಾಡಿದ್ದ. ಬಾವಿಯಿಂದ ವಾಪಸು ಬರುವ ಕೆಸರಿನ ತೊಟ್ಟಿಯ ಪಕ್ಕ ನಿಂತು ಮಟ್ಟ ನೋಡುವ ಕೆಲಸ ಕೊಟ್ಟಿದ್ದಾರೆ. ಮಟ್ಟ ಏರಿದರೆ ಕಿಕ್ ಬಂತೆಂದು ಲೆಕ್ಕ, ಕೂಗಬೇಕು. ಈವರೆಗೆ ಏರಿಲ್ಲ.