ಮಗ್ರಿಬ್ ಹೊತ್ತಿನ ಗಂಟಲುನೋವು

ಒಮಾನಿನ ವಾದಿ ಅದಾಯ್‌ನ ಒಂದು ವಾಹನ ಬಿಡಿಭಾಗಗಳ ಶೋರೂಮಿನಲ್ಲಿ ನಾನು ಅಕೌಂಟ್ಸ್ ನೋಡುತ್ತೇನೆ; ಉಳಿದ ಹೊತ್ತು ಹೆದರುತ್ತೇನೆ. ವೀಸಾ, ಸಕ್ಕರೆ ಕಾಯಿಲೆ, ಮಗಳ ಗಣಿತ, ಪಾರ್ಕಿಂಗಿನಲ್ಲಿ ನನ್ನ ಕಾರಿನ ಪಕ್ಕ ನಿಂತ ಅಪರಿಚಿತ ಕಾರು, ಯಾವುದಾದರೂ ಆದೀತು. ಐವತ್ತು ಹತ್ತಿರವಾದಂತೆ ಅದೇ ನನ್ನ ಮುಖ್ಯ ನೌಕರಿಯಾಗಿಬಿಟ್ಟಿದೆ. ಹಾಗಾಗಿ ಕೌಂಟರಿನಲ್ಲಿರುವ ನನ್ನ ಬ್ಯಾರಿ ಗೆಳೆಯ, ತನಗೆ ದೇವರಲ್ಲಿ ನಂಬಿಕೆ ಉಳಿದಿಲ್ಲ ಎಂಬುದನ್ನು ಹೇಳಿಕೊಳ್ಳಲು ನನ್ನನ್ನು ಆರಿಸಿದ್ದು ಆಳು ನೋಡದೆ ಮಾಡಿದ ಕೆಲಸ.

ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಗೆ ಹೋಗುವಾಗ ನನ್ನ ಕಾರಿನಲ್ಲಿ ಹೇಳಿದ. ನಾನು ಮೊದಲು ಕಿಟಕಿ ಏರಿಸಿದೆ. ಆಮೇಲೆ ಫೋನು ಆಫ್ ಮಾಡಿದೆ.

“ಎ.ಸಿ.ಯನ್ನೂ ಆಫ್ ಮಾಡಿ ಪೊರ್ಬುಗಳೇ, ಅದಕ್ಕೂ ಕಿವಿ ಉಂಟು,” ಎಂದು ನಕ್ಕ. ನಮ್ಮ ಕರಾವಳಿಯಲ್ಲಿ ಕ್ರೈಸ್ತರನ್ನು ಕರೆಯುವುದು ಹಾಗೆ.

ನಂಬದವನನ್ನು ಇಲ್ಲಿ ಯಾರೂ ಮನೆಗೆ ಬಂದು ಹಿಡಿಯುವುದಿಲ್ಲ. ಆದರೆ ಧರ್ಮನಿಂದನೆಗೆ ಜೈಲಿದೆ. ನಂಬುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದಕ್ಕೂ ನಿಂದನೆಗೂ ನಡುವೆ ಎಷ್ಟು ದೂರವೆಂದು ಅಳೆದು ನೋಡುವ ಧೈರ್ಯ ನಮ್ಮಂಥವರಿಗಿಲ್ಲ. ಒಂದು ವಾಟ್ಸಾಪ್ ಮೆಸೇಜು ಸಾಕು. ಅವನಿಗೆ ಅದಕ್ಕಿಂತ ಹತ್ತಿರದ ಭಯ ಊರಿನದು: ಸುದ್ದಿ ಮುಟ್ಟಿದರೆ ನಿಕಾಹ್ ಊರ್ಜಿತವಲ್ಲ ಎನ್ನುವವರು ಹುಟ್ಟಿಕೊಳ್ಳುತ್ತಾರೆ, ಮಾವ ಬಂದು ಹೆಂಡತಿಯನ್ನೂ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ನಾನು ದೇವರಿಲ್ಲವೆಂದರೆ ಹೆಚ್ಚೆಂದರೆ ನನ್ನ ಹೆಂಡತಿ ಒಂದು ವಾರ ಮೀನು ಹುರಿಯುವುದಿಲ್ಲ. ಆದರೂ ಅಂದಿನಿಂದ, ಅವನು ಕಳಿಸುವ ‘ಊಟ ಆಯ್ತಾ’ವನ್ನೂ ಓದಿದ ಕೂಡಲೇ ಅಳಿಸತೊಡಗಿದವನು ನಾನು.

ಶೋರೂಮಿನ ನಮಾಜಿನ ಕೋಣೆಯಲ್ಲಿ ಅವನು ಎಲ್ಲರ ಜೊತೆ ನಿಲ್ಲುತ್ತಿದ್ದ, ಹಿಂದಿನ ಸಾಲಿನಲ್ಲಿ. ಮುಂದೆ ನಿಂತು ನಮಾಜು ಮಾಡಿಸುತ್ತಿದ್ದ ಪಾಕಿಸ್ತಾನಿ ಮೆಕ್ಯಾನಿಕ್ ವಯಸ್ಸಾಯಿತು, ಖಲಾಸ್ ಎಂದು ಊರಿಗೆ ಹೊರಟಾಗ ತೊಂದರೆ ಶುರುವಾಯಿತು. ಹೋಗುವ ಮುಂಚೆ ಆತ ನಮ್ಮ ಒಮಾನಿ ಮ್ಯಾನೇಜರಿಗೆ ಹೇಳಿಹೋದ: ಕೌಂಟರಿನವನು ಮದ್ರಸದಲ್ಲಿ ಕಲಿತವನು, ಅವನಷ್ಟು ಚೆನ್ನಾಗಿ ಕುರ್‌ಆನ್ ಓದುವವರು ಇಲ್ಲಿಲ್ಲ. “ಯಲ್ಲಾ, ನಾಳೆಯಿಂದ ಮಗ್ರಿಬ್ ನೀನೇ ಮಾಡಿಸು,” ಎಂದರು ಮ್ಯಾನೇಜರ್. ಸಂಜೆಯ ಆ ನಮಾಜಿನಲ್ಲಿ ಗಟ್ಟಿಯಾಗಿ ಓದಬೇಕು.

“ಮಾಡಿಬಿಡು ಮಾರಾಯ,” ಎಂದೆ ಕಾರಿನಲ್ಲಿ. “ಇಷ್ಟು ವರ್ಷ ನಿಂತಿಲ್ವಾ? ಸ್ವಲ್ಪ ಮುಂದೆ ನಿಂತ್ರೆ ಎಂತ ಹೋಗ್ತದೆ?”

“ಹಿಂದೆ ನಿಂತ್ರೆ ಸುಳ್ಳು ನನ್ನದೊಂದೇ. ಮುಂದೆ ನಿಂತ್ರೆ ಅವರೆಲ್ಲರ ನಮಾಜು ನನ್ನ ಹೆಗಲ ಮೇಲೆ. ನನಗೆ ದೇವರಿಲ್ಲ, ಸರಿ. ಅವರಿಗೆ ಇದ್ದಾನಲ್ಲ ಮಾರಾಯ್ರೆ? ಮೋಸ ಅಲ್ವಾ ಅದು?”

ದೇವರನ್ನು ನಂಬುವ ನಾನು ಪ್ರಾರ್ಥನೆಯ ಬಗ್ಗೆ ಇಷ್ಟು ಯೋಚಿಸಿದ್ದಿಲ್ಲ. ನನಗೆ ಹೊಳೆದದ್ದು ಗಂಟಲುನೋವು. ಸ್ಕೂಲು ತಪ್ಪಿಸಲು ನನ್ನ ಮಗಳು ಬಳಸುವ ಉಪಾಯ.

ಮರುದಿನವೇ ಅವನ ಗಂಟಲು ‘ಕಟ್ಟಿತು’. ಅವನು ಪಿಸುದನಿಗೆ ಇಳಿದ. ಜನ ಇಷ್ಟು ಒಳ್ಳೆಯವರಾಗಿರಬಹುದೆಂದು ನಾನು ಎಣಿಸಿರಲಿಲ್ಲ. ಕೇರಳದವನು ಶುಂಠಿ ಕಷಾಯ ತಂದ, ಬಂಗಾಳಿ ಜೇನು ತಂದ. ಮ್ಯಾನೇಜರ್ ಮನೆಯಿಂದ ಫ್ಲಾಸ್ಕಿನಲ್ಲಿ ಲುಬಾನ್ ನೀರು ತಂದರು. ಧೂಪದ ಅಂಟನ್ನು ರಾತ್ರಿಯಿಡೀ ನೆನೆಸಿಟ್ಟದ್ದು, ಕಡು ಕಹಿ. ಎದುರಿಗೇ ನಿಂತು ಕುಡಿಸಿದರು. ಅವನ ಕಣ್ಣು ತುಂಬಿತು. ಕಹಿಗೆ ಎಂದುಕೊಂಡು ಎಲ್ಲರೂ ನಕ್ಕರು. ಗುಣವಾಗುವ ತನಕ ಇರಲಿ ಎಂದು ಮ್ಯಾನೇಜರೇ ಮುಂದೆ ನಿಲ್ಲತೊಡಗಿದರು.

ನನ್ನ ಮೇಜಿನಿಂದ ನಮಾಜಿನ ಕೋಣೆಯ ಬಾಗಿಲು ನೇರ ಕಾಣುತ್ತದೆ. ಒಂದು ಸಂಜೆ ಮ್ಯಾನೇಜರ್ ಓದುತ್ತಾ ಓದುತ್ತಾ ನಡುವೆ ನಿಂತರು. ಹಿಂದಿನ ವಾಕ್ಯವನ್ನೇ ಮತ್ತೆ ಹೇಳಿದರು, ಮತ್ತೆ ಅಲ್ಲೇ ನಿಂತರು. ಹಾಗೆ ಮರೆತಾಗ, ಹಿಂದೆ ಇರುವವರಲ್ಲಿ ಗೊತ್ತಿದ್ದವರು ಮುಂದಿನದನ್ನು ಎತ್ತಿಕೊಡುವುದು ರೂಢಿ. ಯಾರೂ ಎತ್ತಿಕೊಡಲಿಲ್ಲ. ಅವರ ಭುಜ ಕುಗ್ಗುತ್ತಾ ಹೋಯಿತು. ಸುಮ್ಮನಿರು, ಸುಮ್ಮನಿರು ಎಂದು ನಾನು ಮೇಜಿನ ಅಂಚು ಹಿಡಿದು ಮನಸ್ಸಿನಲ್ಲೇ ಗೆಳೆಯನನ್ನು ಬೇಡಿಕೊಂಡೆ.

ಹಿಂದಿನ ಸಾಲಿನಿಂದ ವಾಕ್ಯ ಬಂತು. ತಿಳಿಯಾಗಿ, ಸ್ವಲ್ಪವೂ ಒಡೆಯದ ದನಿಯಲ್ಲಿ.

ನಮಾಜು ಮುಗಿಸಿ ಹೊರಬಂದವರೆಲ್ಲ ಚಪ್ಪಲಿ ಮೆಟ್ಟುತ್ತಾ ಅವನನ್ನೇ ನೋಡಿದರು. ಮ್ಯಾನೇಜರ್ ಫ್ಲಾಸ್ಕಿನ ಮುಚ್ಚಳಕ್ಕೆ ಲುಬಾನ್ ನೀರು ಸುರಿದರು.

“ಒಂದು ವಾಕ್ಯಕ್ಕೆ ಆಗುವಷ್ಟು ಗಂಟಲಿದೆ,” ಎಂದರು ತಮ್ಮ ಹಿಂದಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. “ಪೂರ್ತಿ ನಮಾಜಿಗೆ ಸಾಲದು. ಕುಡಿ.”

ಕಾರಿನಲ್ಲಿ ನಾನು ಬೈದೆ. “ಯಾಕೆ ಬಾಯಿ ಬಿಟ್ಟೆ ಮಾರಾಯ? ಹೆಂಡತಿ ಮಕ್ಕಳು ಬೇಡ್ವಾ ನಿನಗೆ?”

“ಅಷ್ಟು ಜನರ ಎದುರು ಮರೆತು ನಿಂತುಬಿಟ್ಟಿದ್ರು ಮಾರಾಯ್ರೆ. ಹೇಗೆ ಬಿಡುದು?”

“ಅವರಿಗೆ ಗೊತ್ತಾಗಿದೆಯಾ?”

“ಕೇಳ್ಲಿಕ್ಕೆ ಆಗ್ತದಾ?”

ಆಗುವುದಿಲ್ಲ. ಕೇಳಿದರೆ ಹೇಳಿದ ಹಾಗೆಯೇ. ಫ್ಲಾಸ್ಕು ಈಗಲೂ ದಿನಾ ಬರುತ್ತದೆ. ಅವನು ಎಲ್ಲರೆದುರು ಕುಡಿಯುತ್ತಾನೆ, ಹಿಂದೆ ಹೋಗಿ ನಿಲ್ಲುತ್ತಾನೆ. ಗಂಟಲು ಹೇಗಿದೆ ಎಂದು ಮ್ಯಾನೇಜರ್ ಒಮ್ಮೆಯೂ ವಿಚಾರಿಸಿಲ್ಲ. ಈ ವರ್ಷದ ಕೊನೆಗೆ ಅವರ ನಿವೃತ್ತಿ. ಆಮೇಲೆ ಯಾರು ಬರುತ್ತಾರೋ ಎಂದು ನಾನು ಈಗಿನಿಂದಲೇ ಹೆದರುತ್ತಿದ್ದೇನೆ. ಈ ಒಂದು ವಿಷಯದಲ್ಲಿ ಅವನು ನನ್ನನ್ನು ಗೇಲಿ ಮಾಡುವುದಿಲ್ಲ.